ಹಂಡನ ಮೊದಲ ತುತ್ತು

"ಬುದ್ಧಿ, ಸಾಯಲಿರುವ ಪ್ರಾಣಿಯನ್ನು ಕಳಿಸಿಕೊಡುವ ಹೊತ್ತು ಬಂತೆಂದು ತಿಳಿಯುವುದು ಹೇಗೆ?" ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮಠದ ನಾಯಿ ಕೆಂಚ ಒಂದು ತಿಂಗಳಿನಿಂದ ಮಲಗಿದಲ್ಲೇ ಇತ್ತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಇದಕ್ಕೆ ಮದ್ದಿಲ್ಲ ಎಂದು ದನದ ಡಾಕ್ಟರು ಹೇಳಿ ಹೋಗಿದ್ದರು. ಅದನ್ನು ಮರಿಯಿಂದ ಸಾಕಿದವನು ಮರುಳಯ್ಯ. ಹಸುಗೂಸುಗಳಿಗೆ ಹಾಲು ಕುಡಿಸುವ ಒಳಲೆಯೊಂದು ಈಗಲೂ ಅವನ ಕೈಯಲ್ಲಿತ್ತು.

"ನೋವಿಲ್ಲದೆ ಮಲಗಿಸುವ ಸೂಜಿ ಇದೆಯಂತೆ. ಆದರೆ ನಾನು ಹೂಂ ಅಂದರೆ ಆ ಪಾಪ ನನಗೆ ತಟ್ಟುವುದಿಲ್ಲವೇ? ದಿನಕ್ಕೆರಡು ಸಲ ಹಾಲು ಹಾಕುತ್ತಿದ್ದೇನೆ. ಇನ್ನೂ ಕುಡಿಯುತ್ತಿದೆ. ಅದೇ ಬೇಡವೆನ್ನಲಿ ಎಂದು ಕಾಯುತ್ತಿದ್ದೇನೆ," ಎಂದ.

ಗುರುಗಳ ಮುಖ ಕೆಂಪಾಯಿತು. "ಭಲೇ! ಪಾಪದ ಚಿಂತೆ ನಿನಗೆ, ನೋವು ಅದಕ್ಕೆ. ಚೆನ್ನಾಗಿ ಹಂಚಿಕೊಂಡಿದ್ದೀರಿ! ಕೂತುಕೋ. ನನಗೆ ಸಿಟ್ಟು ಬಂದಿದೆ. ಬೈದರೆ ನೀನು ಅಳುತ್ತೀಯ, ಅದಕ್ಕೇ ಕತೆ ಹೇಳುತ್ತೇನೆ," ಎಂದು ಶುರು ಮಾಡಿದರು.

ಒಬ್ಬ ಕುರಿಗಾಹಿ ಇದ್ದ. ಅವನಿಗೆ ನೂರು ಕುರಿ, ಒಬ್ಬ ಹೆಂಡತಿ, ಒಂದು ನಾಯಿ. ನಾಯಿಯ ಮೈಮೇಲೆ ಕಪ್ಪು ಬಿಳಿ ಮಚ್ಚೆಗಳಿದ್ದವು, ಹಾಗಾಗಿ ಅದಕ್ಕೆ ಹಂಡ ಎಂದು ಹೆಸರು. ಬಯಲಿನಲ್ಲಿ ಹಟ್ಟಿ ಹಾಕಿದಾಗ ತೋಳ ಬಂದರೆ ಎದುರು ನಿಲ್ಲುತ್ತಿದ್ದವನು ಇವನಲ್ಲ. ಹಂಡ ನಿಲ್ಲುತ್ತಿತ್ತು, ಇವನು ಹಿಂದಿನಿಂದ ಕೂಗುತ್ತಿದ್ದ.

ಆ ಕುರಿಗಾಹಿಗಳಲ್ಲಿ ಒಂದು ಪದ್ಧತಿ. ಮುದ್ದೆ ತಟ್ಟೆಗೆ ಬಂದ ಕೂಡಲೇ ಮೊದಲ ತುತ್ತು ಮುರಿದು ನಾಯಿಗೆ ಕೊಡಬೇಕು. ನಾಯಿ ತಿಂದ ಮೇಲೆ ಯಜಮಾನ ಉಣ್ಣಬೇಕು. ನಾಯಿ ತಿನ್ನದಿದ್ದರೆ ಅವನಿಗೂ ಆ ಹೊತ್ತು ಉಪವಾಸ. ಒಳ್ಳೆಯ ಪದ್ಧತಿಯೇ. ತನ್ನ ಹೊಟ್ಟೆ ಚುರುಗುಟ್ಟಿದರೆ ನಾಯಿಗೆ ಏನಾಗಿದೆ ಎಂದು ಮನುಷ್ಯ ಬೇಗ ನೋಡುತ್ತಾನೆ. ಹಿರಿಯರಿಗೆ ಮನುಷ್ಯನ ಗುಣ ಗೊತ್ತಿತ್ತು.

ಒಂದು ಬೇಸಿಗೆ ಹಂಡನ ಗಂಟಲಲ್ಲಿ ಗಡ್ಡೆ ಎದ್ದಿತು. ದನದ ಡಾಕ್ಟರು ಬಂದು ನೋಡಿದರು. "ಇದು ವಾಸಿಯಾಗುವುದಿಲ್ಲ. ಇನ್ನು ನುಂಗುವುದೇ ಅದಕ್ಕೆ ಹಿಂಸೆ. ನೀನು ಹೇಳಿದ ದಿನ ಬಂದು ಸೂಜಿ ಹಾಕುತ್ತೇನೆ, ನಿದ್ದೆಯಲ್ಲೇ ಹೋಗುತ್ತದೆ," ಎಂದರು.

ಕುರಿಗಾಹಿ ಕೈಮುಗಿದ. "ಅದು ಮೊದಲ ತುತ್ತು ಬೇಡ ಅಂದ ದಿನ ನಾನೇ ಬಂದು ಕರೀತೀನಿ ಸ್ವಾಮಿ. ಅಲ್ಲೀತನಕ ಬೇಡ," ಎಂದ. ಮಾತೇನೋ ಸರಿಯಾಗಿಯೇ ಇತ್ತು. ಹೇಳುವಾಗ ಕಣ್ಣಲ್ಲಿ ನೀರೂ ಇತ್ತು. ಆ ನೀರು ಸುಳ್ಳೆಂದು ನಾನು ಹೇಳುವುದಿಲ್ಲ.

ಮಾರನೆಯ ದಿನವೇ ಹಂಡ ತುತ್ತಿನಿಂದ ಮುಖ ತಿರುಗಿಸಿತು. ಬಿಸಿಯಾಗಿದೆಯೇನೋ ಎಂದು ಇವನು ಆರಿಸಿ ಕೊಟ್ಟ. ಅದು ಮತ್ತೆ ಮುಖ ತಿರುಗಿಸಿತು. ಗಟ್ಟಿಯಾಗಿದೆಯೇನೋ ಎಂದು ಹಾಲಿನಲ್ಲಿ ಕಿವುಚಿ ಕೊಟ್ಟ. ಅದು ಹಲ್ಲು ಕಚ್ಚಿ ಹಿಡಿಯಿತು. ಆಗ ಈ ಮಹಾನುಭಾವ ಏನು ಮಾಡಿದ ಗೊತ್ತೇನೋ? ಒಂದು ಕೈಯಿಂದ ದವಡೆ ಬಿಡಿಸಿದ. ಇನ್ನೊಂದು ಕೈಯಿಂದ ತುತ್ತನ್ನು ನಾಲಿಗೆಯ ಹಿಂದಕ್ಕೆ ದೂಡಿದ. ಮೂತಿಯನ್ನು ಅದುಮಿ ಹಿಡಿದ. ಅದು ನುಂಗುವವರೆಗೂ ಬಿಡಲಿಲ್ಲ. ಆಮೇಲೆ "ತಿಂತು! ಇವತ್ತೂ ತಿಂತು ಕಣೇ!" ಎಂದು ಹೆಂಡತಿಗೆ ಕೂಗಿ ಹೇಳಿ, ಕೈ ತೊಳೆದು ಊಟಕ್ಕೆ ಕೂತ. ಪೂರ್ತಿ ಮುದ್ದೆ ಉಂಡ, ಮರುಳಯ್ಯಾ! ಪದ್ಧತಿ ತಪ್ಪಲಿಲ್ಲವಲ್ಲ! ಥೂ!

ಹೀಗೆ ಹನ್ನೊಂದು ದಿನ ನಡೆಯಿತು. ಮೊದಲೆಲ್ಲ ತಟ್ಟೆಯ ಸದ್ದಾದರೆ ಕುರಿಗಳನ್ನು ಹಾರಿಕೊಂಡು ಬರುತ್ತಿದ್ದ ನಾಯಿ ಈಗ ತಟ್ಟೆಯ ಸದ್ದಿಗೆ ಹಟ್ಟಿಯ ಮುಳ್ಳುಬೇಲಿಯೊಳಗೆ ತೆವಳಿ ಅಡಗುತ್ತಿತ್ತು. ತೋಳಕ್ಕೆ ಹೆದರದ ನಾಯಿ ತಟ್ಟೆಗೆ ಹೆದರಿತು. ಇವನು ಹಿಂಗಾಲು ಹಿಡಿದು ಎಳೆದು ತರುತ್ತಿದ್ದ. ಮೈಗೆ ಚುಚ್ಚಿದ ಮುಳ್ಳುಗಳನ್ನು ಒಂದೊಂದಾಗಿ ಪ್ರೀತಿಯಿಂದ ಕಿತ್ತು, "ನನ್ನಪ್ಪ, ನನ್ನ ಬಂಗಾರ" ಎಂದು ಮುದ್ದಿಸಿ, ಮತ್ತೆ ದವಡೆ ಬಿಡಿಸುತ್ತಿದ್ದ. ಅದು ಒಂದು ದಿನವೂ ಅವನ ಕೈ ಕಚ್ಚಲಿಲ್ಲ. ಕಚ್ಚಬೇಕಿತ್ತು!

ಹನ್ನೆರಡನೆಯ ದಿನ ಹೆಂಡತಿ ಅವನ ಮುಂದಿನ ತಟ್ಟೆ ಕಿತ್ತುಕೊಂಡಳು.

"ಸಾಕು ನಿಲ್ಲಿಸು! ನೀನು ಉಣ್ಣಬೇಕು ಅಂತ ಅದರ ಗಂಟಲು ಯಾಕೆ ಸೀಳ್ತೀಯ?"

"ಇನ್ನೂ ತಿಂತಾ ಐತಲ್ಲೇ! ಬೇಡ ಅಂದಿದ್ರೆ ನಾನು ಡಾಕ್ಟರನ್ನ ಕರೀತಿರಲಿಲ್ವಾ?"

"ಅದು ತಿಂತಿಲ್ಲ, ನೀನು ತುರುಕ್ತಿದ್ದೀಯ! ದಿನಾ ಬೇಡ ಬೇಡ ಅಂತ ಮುಳ್ಳಿನೊಳಗೆ ಹೋಗಿ ಬೀಳ್ತಿದೆ, ನಿನಗೆ ಕಣ್ಣಿಲ್ವಾ? ಈವತ್ತು ತುತ್ತು ನೆಲದ ಮೇಲಿಡು. ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೋ. ನೋಡೇ ಬಿಡೋಣ."

ಅವನಿಗೆ ಬೇರೆ ದಾರಿ ಇರಲಿಲ್ಲ. ತುತ್ತನ್ನು ಹಂಡನ ಮುಂದಿಟ್ಟ, ಕೈ ಹಿಂದೆ ಕಟ್ಟಿದ. ಹಂಡ ಮೊದಲು ಅವನ ಕೈ ಎಲ್ಲಿದೆ ಎಂದು ಹುಡುಕಿ ನೋಡಿತು. ಕೈ ಬರುವುದಿಲ್ಲ ಎಂದು ತಿಳಿದ ಮೇಲೆ ತುತ್ತನ್ನು ದಾಟಿ ತೆವಳಿ ಬಂದು ಅವನ ಪಾದದ ಮೇಲೆ ತಲೆ ಇಟ್ಟಿತು. ಹನ್ನೆರಡು ದಿನಗಳಲ್ಲಿ ಅದು ಅವನ ಹತ್ತಿರ ತಾನಾಗಿ ಬಂದದ್ದು ಅದೇ ಮೊದಲು.

ಅವನು ಹೋ ಎಂದು ಅತ್ತ. ಆಮೇಲೆ ಎದ್ದು ಎರಡು ಹರದಾರಿ ನಡೆದು ಡಾಕ್ಟರ ಬಾಗಿಲಿಗೆ ಹೋದ.

"ಯಾವತ್ತಿನಿಂದ ಬೇಡ ಅನ್ನುತ್ತಿದೆ?" ಎಂದು ಅವರು ಕೇಳಿದರು.

ಇವತ್ತಿನಿಂದ ಎನ್ನಬಹುದಿತ್ತು. ಯಾರೂ ಕೆದಕಿ ಕೇಳುತ್ತಿರಲಿಲ್ಲ. ಅವನು ತಲೆ ತಗ್ಗಿಸಿ, "ಹನ್ನೆರಡು ದಿನ ಆಯ್ತು ಸ್ವಾಮಿ," ಎಂದ. ಅಷ್ಟು ದಿನಗಳಲ್ಲಿ ಅವನ ಬಾಯಿಂದ ಬಂದ ನಿಜ ಅದೊಂದೇ. ಡಾಕ್ಟರು ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ.

ಸಂಜೆಯೊಳಗೆ ಅವರು ಬಂದು ಸೂಜಿ ಹಾಕಿದರು. ಹಂಡ ಯಜಮಾನನ ಕಂಬಳಿಯ ಮೇಲೆ, ಅವನ ತೊಡೆಗೆ ಮೂತಿ ಆನಿಸಿಕೊಂಡು ಮಲಗಿತ್ತು. ಅವನು ಅದರ ಕಿವಿಯ ಹಿಂದೆ ಕೆರೆಯುತ್ತಿದ್ದ. ಅದು ನಿದ್ದೆ ಹೋಯಿತು, ಹಾಗೆಯೇ ಹೋಯಿತು. ಅವತ್ತು ಅವನು ಉಣ್ಣಲಿಲ್ಲ. ಹನ್ನೆರಡು ದಿನಗಳಲ್ಲಿ ಅವನು ಪದ್ಧತಿ ನಡೆಸಿದ್ದು ಅವತ್ತೊಂದೇ ದಿನ.

ಗುರುಗಳು ಮಾತು ನಿಲ್ಲಿಸಿದರು. ಮರುಳಯ್ಯ ಕಣ್ಣೊರೆಸಿಕೊಂಡ. ಅವನಿಗೂ ಸಿಟ್ಟು ಬಂದಿತ್ತು.

"ಎಂಥ ಕಟುಕ ಬುದ್ಧೀ ಅವನು! ಮೂಕ ಪ್ರಾಣಿ ಅಷ್ಟು ಹೇಳಿದರೂ ಅವನಿಗೆ ತಿಳಿಯಲಿಲ್ಲವೇ?" ಎಂದ.

ಗುರುಗಳು ಅವನ ಕೈಯಲ್ಲಿದ್ದ ಒಳಲೆಯನ್ನು ನೋಡಿ ಕೇಳಿದರು: "ಇವತ್ತು ಬೆಳಿಗ್ಗೆ ಹಾಲು ಹಾಕುವಾಗ ಕೆಂಚನ ಬಾಯಿ ತೆರೆದದ್ದು ಯಾರು?"