ಬಾಕಲ್ಲಿನ ಬಳೆ ಮತ್ತು ರುಮಾಲು

ಹೊಸಕೋಡಿ ಬಂದರಿನ ಮೇಲಿರುವ ಬಾಕಲ್ಲಿನ ರುಮಾಲು ಕಳೆದ ವಾರದ ಗಾಳಿಗೆ ಜಾರಿ ಬಳೆಗಳ ಮೇಲೆ ಬಿದ್ದಿದ್ದು, ಊರಿನಲ್ಲಿ ಆತಂಕ ಮೂಡಿದೆ. ಪರಿಸ್ಥಿತಿ ಹತೋಟಿಯಲ್ಲಿದೆ. ಬಾಕಲ್ಲು ಎಂದರೆ ಗುಡ್ಡದ ಅಂಚಿನ ಆಳೆತ್ತರದ ಕರಿಕಲ್ಲು. ಕಣ್ಣು ಮೂಗು ಕೆತ್ತಿಲ್ಲ. ತಲೆಗೆ ಕೆಂಪು ರುಮಾಲು, ನಡುವಿಗೆ ದಾರದಲ್ಲಿ ಪೋಣಿಸಿದ ಹಸಿರು ಬಳೆ. ಈ ದೇವರು ಗಂಡೋ ಹೆಣ್ಣೋ ಎಂದು ಹೊರಗಿನವರು ಕೇಳುತ್ತಾರೆ. ಊರಿನವರು ಇದುವರೆಗೆ ಕೇಳಿಲ್ಲ.

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಇಲ್ಲಿ ಕೂಗುವವರ ಮನೆಯೊಂದಿತ್ತು ಎನ್ನುತ್ತಾರೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳದಿಬ್ಬಗಳ ನಡುವೆ ಆಳದ ದಾರಿ ಒಂದೇ. ಅದು ಈ ಕಲ್ಲಿನ ನೇರಕ್ಕಿದೆ. ಮಳೆ ಕವಿದು ದಡ ಮರೆಯಾದಾಗ ಆ ಮನೆಯವರು ಕಲ್ಲಿಗೆ ಒರಗಿ ‘ಬಾ’ ಎಂದು ಕೂಗಬೇಕು, ದೋಣಿಗಳು ದನಿಯ ಜಾಡು ಹಿಡಿದು ಒಳಬರಬೇಕು. ಯಾರ ಹೆಸರನ್ನೂ ಕೂಗುವಂತಿಲ್ಲ; ಕೂಗಿದರೆ ಮಿಕ್ಕವರು ಕರೆ ತಮಗಲ್ಲವೆಂದು ತಿರುಗಿಯಾರು. ಕೊನೆಯ ದೋಣಿ ಬರುವವರೆಗೆ ನಿಲ್ಲಿಸುವಂತೆಯೂ ಇಲ್ಲ.

ಮುಂಗಾರು ಹೇಳದೆ ಕೇಳದೆ ಬಂದೆರಗಿದ ಒಂದು ಮಧ್ಯಾಹ್ನ, ಕೂಗಬೇಕಾದ ಮುದುಕ ಜ್ವರದಲ್ಲಿದ್ದ. ಅವನ ಮಗ ಜಟ್ಟಪ್ಪ ಸಮುದ್ರದಲ್ಲಿದ್ದ. ಕಲ್ಲಿನ ಬಳಿಗೆ ಓಡಿದವಳು ಜಟ್ಟಪ್ಪನ ಹೆಂಡತಿ ಮಾಸ್ತಿ, ಹಿಂದೆಯೇ ಅತ್ತೆ ಬೀರಮ್ಮ. ಮಾಸ್ತಿಗೊಂದು ತೊಡಕಿತ್ತು: ಮದುವೆಯಾದಂದಿನಿಂದ ಗಂಡನನ್ನು ಅವಳು ಏಕವಚನದಲ್ಲಿ ಕರೆದವಳಲ್ಲ. ‘ಬನ್ನಿ’ ಎಂದು ಕೂಗಿದಳು. ಗಾಳಿ ಅದನ್ನು ಅಲ್ಲೇ ಮುರಿದು ಎಸೆಯಿತು.

“ಎಂತ ಬನ್ನಿ? ಊಟಕ್ಕೆ ಕರೀತಿದ್ಯಾ?” ಎಂದಳು ಬೀರಮ್ಮ.

“ಅವ್ರಿಗೆ ಕೇಳಿದ್ರೆ, ಅತ್ತೆ?”

“ಕೇಳ್ಲಿ ಅಂತ್ಲೇ ಕೂಗೂದು ತಂಗಿ. ಉದ್ದಕ್ಕೆ ಎಳಿ.”

ಮಾಸ್ತಿ ‘ಬಾ’ ಎಂದೇ ಎಳೆದಳು. ಮೊದಲು ಬಂದದ್ದು ಗುಜರಾತಿನ ಹಡಗು. ಅವರಲ್ಲಿ ‘ಬಾ’ ಎಂದರೆ ತಾಯಿ. ತಾಯಿಯನ್ನು ಕರೆಯುವ ಕಡೆ ನೆಲವಿರಲೇಬೇಕೆಂದು ಚುಕ್ಕಾಣಿ ತಿರುಗಿಸಿದ್ದರು. ಆಮೇಲೆ ಬಂದದ್ದು ರತ್ನಾಗಿರಿಯ ಮಚವೆ ದೋಣಿ. ಅವರ ಹಳ್ಳಿಗಳಲ್ಲಿ ತಂದೆಯನ್ನು ‘ಬಾ’ ಎನ್ನುತ್ತಾರೆ. ಯಾರದೋ ಮಗು ಅಪ್ಪನಿಗಾಗಿ ಅಳುತ್ತಿದೆಯೆಂದು ಬಂದಿದ್ದರು. ಜಟ್ಟಪ್ಪನ ದೋಣಿ ಮಾತ್ರ ಬರಲಿಲ್ಲ.

ಸಂಜೆಯ ಹೊತ್ತಿಗೆ ಮಾಸ್ತಿಯ ಗಂಟಲು ಕಟ್ಟಿತು. ಬಾಯಿ ತೆರೆಯುತ್ತಿತ್ತು, ದನಿ ಇರಲಿಲ್ಲ. ಕೆಳಗೆ ಮೈ ಒರೆಸಿಕೊಳ್ಳುತ್ತಿದ್ದ ನಾವಿಕರು ಕರೆ ನಿಂತದ್ದು ಕೇಳಿ ಗುಡ್ಡ ಹತ್ತಿದರು. ಅವಳ ಬಾಯಿ ನೋಡಿದರು. ಗುಜರಾತಿನವರು ತಾಯಿಯನ್ನು ಕರೆದರು, ರತ್ನಾಗಿರಿಯವರು ತಂದೆಯನ್ನು ಕರೆದರು, ಬೀರಮ್ಮ ಮಗನನ್ನು ಕರೆದಳು. ಇಪ್ಪತ್ತು ಗಂಟಲುಗಳಿಂದ ಹೊರಟದ್ದು ಒಂದೇ ಕೂಗು. ಕತ್ತಲಾಗುವ ಮುನ್ನ, ಹಾಯಿ ಕಟ್ಟುವ ಪಟಕಂಬ ಮುರಿದ ಜಟ್ಟಪ್ಪನ ದೋಣಿ ಅಳಿವೆ ದಾಟಿತು.

“ಅಷ್ಟೆಲ್ಲ ಜನ ಕೂಗುಕ್ಕಿಂತ ಮುಂಚೆ ಬಾ ಅಂದವ್ರು ಯಾರು?” ಎಂದು ಅವನು ದಡದಲ್ಲಿ ಕೇಳಿದ. ಮಾಸ್ತಿ ತಲೆ ತಗ್ಗಿಸಿದಳು. ಒಂಬತ್ತು ದಿನದ ಮೇಲೆ ದನಿ ಮರಳಿದಾಗ ಅವಳ ಮೊದಲ ಮಾತು “ಊಟಕ್ಕೆ ಬನ್ನಿ” ಎಂಬುದಾಗಿತ್ತಂತೆ.

ಮರುವರ್ಷ ಗುಜರಾತಿನವರು ಕಲ್ಲಿಗೆ ತಾಯಿಯೆಂದು ಬಳೆ ತಂದರು, ರತ್ನಾಗಿರಿಯವರು ತಂದೆಯೆಂದು ರುಮಾಲು ತಂದರು. ಯಾರೂ ಯಾರನ್ನೂ ತಿದ್ದಲಿಲ್ಲ. ಸಾಲಿನ ಕೊನೆಯಲ್ಲಿ ನಿಂತಿದ್ದ ಮಾಸ್ತಿ ಎರಡೂ ಕಡೆಯ ಪ್ರಸಾದ ತಿಂದಳು ಎನ್ನುತ್ತಾರೆ. ಇಂದಿಗೂ ಆ ಎರಡು ಕಡೆಯಿಂದ ಬರುವ ದೋಣಿಯವರು ಹಳೆಯದನ್ನು ತೆಗೆದು ಹೊಸದು ತೊಡಿಸುತ್ತಾರೆ. ಕಲ್ಲಿನ ಒಂದು ಮಗ್ಗುಲು, ಬೆನ್ನು ಒರಗುವಷ್ಟು ಎತ್ತರದಲ್ಲಿ, ನುಣುಪಾಗಿದೆ.

ರುಮಾಲನ್ನು ಸೋಮವಾರ ಮತ್ತೆ ಕಟ್ಟಲಾಯಿತು. ಬಳೆ ಒಂದೂ ಒಡೆದಿರಲಿಲ್ಲ.