ನಾಯಿ ತಿರುಗಿ ಮುಖ ನೋಡುವುದೇಕೆ

ಲೋಕ ಆಗಿನ್ನೂ ಹಸಿ ಮಡಕೆಯಂತೆ ಮೆತ್ತಗಿತ್ತು. ಬೆಟ್ಟಗಳು ತಮ್ಮ ತಮ್ಮ ಜಾಗದಲ್ಲಿ ಕೂತು ಬಹಳ ದಿನವಾಗಿರಲಿಲ್ಲ. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ಮಣ್ಣು ಮಾತ್ರ ಕೇಳಿದರಷ್ಟೇ ಮಾತಾಡುತ್ತಿತ್ತು.

ಆ ಕಾಲದಲ್ಲಿ ಒಳಗೆ, ಹೊರಗೆ ಎಂಬ ಮಾತುಗಳೇ ಇರಲಿಲ್ಲ. ಎಲ್ಲರೂ ಒಂದೇ ಆಕಾಶದ ಕೆಳಗೆ ಇರುತ್ತಿದ್ದರು. ಮೊದಲು ಗೋಡೆ ಕಟ್ಟಿದವಳು ಸೂರವ್ವ. ದುಂಡು ಬಂಡೆಗಳ ಗುಡ್ಡದ ಬುಡದಲ್ಲಿ, ಹೊಳೆಗೆ ಕೂಗಳತೆಯಲ್ಲಿ, ಕಲ್ಲು ಮಣ್ಣು ಸೇರಿಸಿ ನಾಲ್ಕು ಗೋಡೆ ಎಬ್ಬಿಸಿದಳು. ಮೇಲೆ ಹುಲ್ಲು ಹೊದಿಸಿದಳು. ನೆಲವನ್ನು ತಟ್ಟಿ ತಟ್ಟಿ, ಸಗಣಿಯಿಂದ ಸಾರಿಸಿ ನುಣ್ಣಗೆ ಮಾಡಿದಳು. ಆ ನೆಲದ ಮೇಲೆ ಅವಳ ಹಸುಗೂಸು ಕೆಂಪಿ ಮಲಗುತ್ತಿತ್ತು. ಅವಳ ಅತ್ತೆ ನೀಲವ್ವ ಅಲ್ಲೇ ಕೂತು ನವಣೆ ಕೇರುತ್ತಿದ್ದಳು.

ಒಂದು ಮಳೆಗಾಲ ಹೊಳೆ ತುಂಬಿ ಬಂತು. ನೀರು ಇಳಿದ ಬೆಳಿಗ್ಗೆ ಕೊಡ ಹೊತ್ತು ಹೋದ ಸೂರವ್ವನಿಗೆ ಮರಳಿನ ಮೇಲೆ ಬೂದಿ ಬಣ್ಣದ ನಾಯಿಮರಿಯೊಂದು ಕಂಡಿತು. ಆಗ ನಾಯಿಗಳೆಲ್ಲ ಕಾಡಿನವೇ. ಮನುಷ್ಯರ ಹತ್ತಿರ ಸುಳಿಯುತ್ತಿರಲಿಲ್ಲ.

"ಸೂರವ್ವಾ," ಎಂದಿತು ಹೊಳೆ, "ಇದರ ತಾಯಿಯನ್ನು ನಾನು ಕೊಂಡೊಯ್ದೆ. ಬೇಕೆಂದು ಮಾಡಿದ್ದಲ್ಲ. ಆದರೆ ತಿರುಗಿ ಕೊಡಲು ನನಗೆ ಬರುವುದಿಲ್ಲ. ಇದನ್ನು ನೀನು ಸಾಕುತ್ತೀಯಾ?"

"ಸಾಕ್ತೀನಿ," ಎಂದಳು ಸೂರವ್ವ. "ನನ್ನ ಮಗಳ ಜೊತೆ ಇದೂ ಒಂದು ಬೆಳೀಲಿ."

ಹೀಗೆ ಮೊದಲ ನಾಯಿ ಮನೆಯೊಳಕ್ಕೆ ಬಂತು. ಅದಕ್ಕೆ ಬೂದ ಎಂದು ಹೆಸರಿಟ್ಟರು.

ಬೂದನಿಗೆ ಒಲೆಯ ಬಿಸಿ ಹಿಡಿಸಿತು, ಕೆಂಪಿಯ ಪುಟ್ಟ ಪಾದ ಹಿಡಿಸಿತು. ಆದರೆ ಗೋಡೆ ಎಂದರೇನೆಂದು ಅವನಿಗೆ ತಿಳಿಯದು. ಉಂಡ ಮೇಲೆ ನಿಂತಲ್ಲೇ ಉಚ್ಚೆ ಹೊಯ್ದ. ನಿದ್ದೆಯಿಂದ ಎದ್ದು ಒಲೆಯ ಪಕ್ಕದಲ್ಲೇ ಹೇಲಿಟ್ಟ. ಸೂರವ್ವ ಬಳಿದಳು, ತೊಳೆದಳು, ಸಾರಿಸಿದಳು. ಮರುದಿನವೂ ಬಳಿದಳು, ತೊಳೆದಳು, ಸಾರಿಸಿದಳು.

"ಇದೇನೇ ಇದು?" ಎಂದಳು ನೀಲವ್ವ. "ನಾವು ಉಣ್ಣೋ ಜಾಗ, ಮಗು ಮಲಗೋ ಜಾಗ. ತಗೊಂಡು ಹೋಗಿ ಕಾಡಿಗೆ ಬಿಟ್ಟು ಬಾ."

"ಹೊಳೆಗೆ ಮಾತು ಕೊಟ್ಟಿದ್ದೀನಿ ಅತ್ತೆ."

"ಹಂಗಾದ್ರೆ ಕಲಿಸು."

ಹೇಗೆ ಕಲಿಸುವುದೆಂದು ಸೂರವ್ವನಿಗೆ ಗೊತ್ತಿರಲಿಲ್ಲ. ಅದುವರೆಗೆ ಯಾರೂ ಯಾವ ಪ್ರಾಣಿಗೂ ಅದನ್ನು ಕಲಿಸಿರಲಿಲ್ಲ. ಒಂದು ಮಧ್ಯಾಹ್ನ ಬೂದ ಕೆಂಪಿಯ ಕೌದಿಯನ್ನೇ ಒದ್ದೆ ಮಾಡಿದ. ಸೂರವ್ವನಿಗೆ ತಲೆ ಕೆಟ್ಟುಹೋಯಿತು. ಮರಿಯ ಕತ್ತು ಹಿಡಿದು ಮೂತಿಯನ್ನು ಆ ಒದ್ದೆಗೆ ಒತ್ತಿದಳು. ಬೆನ್ನಿಗೆ ಒಂದು ಏಟು ಕೊಟ್ಟಳು. ಜೋರಾಗಿಯೇ ಬಿತ್ತು.

ಬೂದ ಮುದುಡಿಕೊಂಡ. ಅವಳ ಕೈಯನ್ನು ನೋಡಿದ. ಆಮೇಲೆ ಅವಳ ಮುಖವನ್ನು ನೋಡಿದ.

ಅಂದಿನಿಂದ ನೆಲ ಒಣಗಿಯೇ ಇತ್ತು. "ನೋಡಿದ್ಯಾ, ಕಲಿತುಬಿಟ್ಟ," ಎಂದಳು ನೀಲವ್ವ.

ಬೂದ ಕಲಿತದ್ದು ಬೇರೆಯೇ. ಹೊಟ್ಟೆಯಿಂದ ಏನು ಬಂದರೂ ತಪ್ಪು, ಬಂದರೆ ಏಟು, ಎಂದು ಕಲಿತಿದ್ದ. ಮೊದಲ ದಿನ ಕಾಳಿನ ಗುಡಾಣದ ಹಿಂದೆ ಅಡಗಿ ಒಂದಿಷ್ಟು ಹೊಯ್ದ. ಎರಡನೆಯ ದಿನ ಅದಕ್ಕೂ ಹೆದರಿ ತಡೆದುಕೊಂಡ. ಬರದಿರಲಿ ಎಂದು ನೀರು ಕುಡಿಯುವುದನ್ನೂ ಬಿಟ್ಟ. ಮೂರನೆಯ ಬೆಳಿಗ್ಗೆ ಅವನ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು. ಮೂಲೆಯಲ್ಲಿ ಬಿದ್ದವನು ಏಳಲಿಲ್ಲ.

ಸೂರವ್ವ ಬಗ್ಗಿ ಕೈ ಚಾಚಿದಳು. ಕೈ ಮುಟ್ಟುವ ಮೊದಲೇ ಅವನ ಮೈಯೆಲ್ಲ ನಡುಗಿತು. ಆ ನಡುಕ ಎಲ್ಲಿಂದ ಬಂತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನನ್ನು ಎತ್ತಿಕೊಂಡು ಓಡಿ ಹೊರಗೆ ಬಂದಳು. "ಗಾಳಿಯಪ್ಪಾ, ನಿಲ್ಲು! ನೀನು ಎಲ್ಲ ಕಾಡು ಸುತ್ತಿದವನು. ನನ್ನ ಮರಿಗೆ ಏನಾಗಿದೆ ನೋಡು."

ಗಾಳಿ ನಿಂತು ಮರಿಯ ಹೊಟ್ಟೆಯನ್ನು ಸವರಿತು. "ಹಸಿದು ಸಾಯುವ ಪ್ರಾಣಿಯನ್ನು ಕಂಡಿದ್ದೇನೆ. ಹೀಗೆ ತಡೆದುಕೊಂಡು ಸಾಯುವುದನ್ನು ಎಲ್ಲೂ ಕಂಡಿಲ್ಲ. ಏನು ಮಾಡಿದೆ?"

"ಹೊಡೆದೆ," ಎಂದಳು ಸೂರವ್ವ.

"ಇಲ್ಲಿ ಮಾಡಬೇಡ ಎಂದು ಹೊಡೆದೆ. ಎಲ್ಲಿ ಮಾಡಬೇಕೆಂದು ತೋರಿಸಿದೆಯಾ?"

"ಇಲ್ಲ," ಎಂದಳು ಸೂರವ್ವ. ಮಂಡಿಯೂರಿ ಕೂತು ಮಣ್ಣನ್ನು ಕೇಳಿದಳು. "ತಾಯೀ, ಇವನಿಗೆ ಒಂದು ಜಾಗ ಕೊಡು."

"ನಿನ್ನ ಮನೆಯ ನೆಲವೂ ನಾನೇ, ಇದೂ ನಾನೇ," ಎಂದಿತು ಮಣ್ಣು ನಿಧಾನವಾಗಿ. "ಒಳಗೆ ನೀನು ನನ್ನ ಬಾಯಿ ಮುಚ್ಚಿ ಸಾರಿಸಿದ್ದೀಯ. ಅಲ್ಲಿ ನಾನು ಕುಡಿಯಲಾರೆ. ಇಲ್ಲಿ ಬಾಯಿ ತೆರೆದೇ ಇದ್ದೇನೆ. ಆನೆಯದನ್ನು ಕುಡಿದವಳಿಗೆ ಇವನದು ಎಷ್ಟರದು? ಇವನ ವಾಸನೆಯನ್ನು ಜೋಪಾನ ಮಾಡಿ ಇಟ್ಟಿರುತ್ತೇನೆ. ನಾಳೆ ಬಂದು ಮೂಸಿದರೆ ಜಾಗ ಸಿಗುತ್ತದೆ. ಆದರೆ ಹೆದರಿಕೆಯನ್ನು ನಾನು ಕುಡಿಯಲಾರೆ ಸೂರವ್ವ. ಅದು ನಿನ್ನ ಕೆಲಸ."

ತಂಗಡಿ ಗಿಡದ ಪಕ್ಕದಲ್ಲಿ ಸೂರವ್ವ ಬೂದನನ್ನು ಇಳಿಸಿದಳು. ಅವನು ಹೇಗೋ ಎದ್ದು ನಿಂತು ಅವಳ ಕೈಯನ್ನೇ ನೋಡಿದ. ಅವಳು ಎದುರಿಗೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡಳು.

ಬಿಸಿಲು ಏರಿತು. ಒಳಗೆ ಕೆಂಪಿ ಅತ್ತಳು.

"ಮಗು ಅಳ್ತಾ ಇದೆ ಕಣೇ!" ಎಂದು ನೀಲವ್ವ ಕೂಗಿದಳು.

"ನೀವೇ ಎತ್ಕೊಳ್ಳಿ ಅತ್ತೆ. ನಾನು ಈಗ ಏಳೋ ಹಂಗಿಲ್ಲ."

ನೆರಳು ಕಾಲಬುಡಕ್ಕೆ ಬಂದ ಹೊತ್ತಿಗೆ ಬೂದ ಮೂತಿ ತಗ್ಗಿಸಿ ಮಣ್ಣು ಮೂಸಿದ. ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಮೆಲ್ಲನೆ ಕುಕ್ಕರಿಸಿದ. ಹಾಗೆ ಕುಕ್ಕರಿಸಿದವನು ತಿರುಗಿ ಸೂರವ್ವನ ಮುಖ ನೋಡಿದ.

"ಸರಿ," ಎಂದಳು ಸೂರವ್ವ. "ಸರಿ ಮಗನೇ. ಹೆದರಬೇಡ."

ಮೂರು ದಿನದ್ದೆಲ್ಲ ಹೊರಗೆ ಬಂತು. ಮಣ್ಣು ಕುಡಿಯಿತು. ಬೂದ ಎದ್ದು ಹಿಂಗಾಲಿನಿಂದ ಮಣ್ಣು ಕೆದರಿದ. ಸೂರವ್ವ ಕೊಡದಿಂದ ಅಂಗೈಗೆ ನೀರು ಸುರಿದುಕೊಂಡಳು. ಬೂದ ಬಂದು, ಅವಳ ತೆರೆದ ಅಂಗೈಯಿಂದ ಕುಡಿದ.

ಅಂದಿನಿಂದ ಸೂರವ್ವ ಅವನು ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ದಣಿದ ಕೂಡಲೇ ಹೊರಗೆ ಕರೆದೊಯ್ದಳು. ನಡುವೆ ಎಷ್ಟೋ ಸಲ ಒಳಗೇ ಆಯಿತು. ಅವಳು ಸುಮ್ಮನೆ ಒರೆಸಿದಳು. ಚಳಿಗಾಲ ಬರುವಷ್ಟರಲ್ಲಿ ಬೂದ ತಾನೇ ಬಾಗಿಲ ಬಳಿ ನಿಂತು ಕೆರೆಯಲು ಕಲಿತ. ಆಗ ನೀಲವ್ವ ಮಂಡಿ ಹಿಡಿದುಕೊಂಡು ಎದ್ದು, "ನಡಿಯಪ್ಪ, ನಡಿ," ಎಂದು ಬಾಗಿಲು ತೆಗೆಯುತ್ತಿದ್ದಳು.

ಆದರೆ ಆ ನೋಟ ಹೋಗಲಿಲ್ಲ. ಸೂರವ್ವ ಮತ್ತೆಂದೂ ಅವನ ಮೇಲೆ ಕೈ ಎತ್ತಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೂ ಕುಕ್ಕರಿಸಿದಾಗಲೆಲ್ಲ ಒಮ್ಮೆ ತಿರುಗಿ ಅವಳ ಮುಖ ನೋಡುತ್ತಿದ್ದ. ಕೆಂಪಿ ದೊಡ್ಡವಳಾದಳು. ಬೂದನ ಮೂತಿ ನರೆಯಿತು.

"ಇಷ್ಟು ವರ್ಷ ಆಯ್ತು," ಎಂದಳು ನೀಲವ್ವ ಒಂದು ದಿನ, "ಇನ್ನೂ ಯಾಕೆ ಹಂಗೆ ನೋಡ್ತಾನೆ?"

"ಇಲ್ಲಿ ಸರಿಯಾ ಅಂತ ಕೇಳ್ತಾನೆ ಅತ್ತೆ," ಎಂದಳು ಸೂರವ್ವ. "ಒಂದು ಸಲ ಹೊಡೆದೆ. ಅವನು ಎಷ್ಟು ಸಲ ಕೇಳಿದರೂ ನಾನು ಹೇಳಬೇಕು."

ಬೂದನ ಮರಿಗಳಿಗೂ ಆ ನೋಟ ಬಂತು, ಅವುಗಳ ಮರಿಗಳಿಗೂ ಬಂತು. ಅದಕ್ಕೇ ಮಗು, ಇವತ್ತಿಗೂ ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಯಾರಾದರೂ ಸಾಕಿದ ನಾಯಿಯನ್ನು ಹೊರಗೆ ಕರೆತಂದರೆ, ಅದು ಮಣ್ಣು ಮೂಸಿ, ಸುತ್ತು ಹಾಕಿ, ಕುಕ್ಕರಿಸಿ, ತನ್ನವರ ಮುಖವನ್ನು ಒಮ್ಮೆ ತಿರುಗಿ ನೋಡುತ್ತದೆ.