ಹಿಡಿ ಅಕ್ಕಿ ಕೊಟ್ಟವರ ಪಟ್ಟಿ

ಯಾರು ಏನೇ ಹೇಳಲಿ, ನಮ್ಮ ಚರ್ಚಿನ ಗುಮಾಸ್ತರು ಮೊದಲು ಕನ್ನಡಕ ತೆಗೆದು ಒರೆಸುತ್ತಾರೆ. ಆಮೇಲೆಯೇ ಉತ್ತರ.

ನಮ್ಮವರ ಮನೆಗಳಲ್ಲಿ ಅಕ್ಕಿ ತೊಳೆಯುವ ಮುಂಚೆ ದೇವರ ಹೆಸರಲ್ಲಿ ಒಂದು ಹಿಡಿ ತೆಗೆದಿಡುತ್ತಾರೆ. ತಿಂಗಳಿಗೊಮ್ಮೆ ಅದು ಚರ್ಚಿಗೆ ಬಂದು, ಇಲ್ಲದವರ ಮನೆಗೆ ಹೋಗುತ್ತದೆ. ಸಭೆಯ ಹಿರಿಯರಾದ ಎಬೆನೇಜರ್ ಸಾಹೇಬರು ಒಂದು ದಿನ ಅಪ್ಪಣೆ ಮಾಡಿದರು. "ಈ ಸಲ ಕೊಟ್ಟವರ ಹೆಸರು ಆರಾಧನೆಯಲ್ಲಿ ಓದಿ. ಹೆಚ್ಚು ಕೊಟ್ಟವರದ್ದು ಮೊದಲು."

ಗುಮಾಸ್ತರಿಗೆ ನೆನಪಾದದ್ದು ಸಲೋಮಿ ಅಜ್ಜಿ. ಅವರು ತರುವುದು ಒಂದೇ ಲೋಟ. ಎಲ್ಲರೆದುರು ತಮ್ಮ ಹೆಸರು ಕೊನೆಯಲ್ಲಿ ಕೇಳಿದರೆ ಅವರು ಮತ್ತೆ ಚರ್ಚಿನ ಮೆಟ್ಟಿಲು ಹತ್ತುವವರಲ್ಲ. ಗುಮಾಸ್ತರು ಕನ್ನಡಕ ಒರೆಸಿ, "ಆಗಲಿ ಸರ್, ಕೊಟ್ಟವರ ಹೆಸರನ್ನೇ ಓದುತ್ತೇನೆ" ಎಂದರು.

ಭಾನುವಾರ ಮೊದಲ ಹೆಸರು ಬಂತು. "ಸುಗುಣಾ, ಎಂಟು ಸೇರು."

ಸುಗುಣಾ ಸಾಹೇಬರ ಮನೆಯ ಅಡುಗೆಯವಳು. ಏನೋ ತಪ್ಪಾಯಿತೆಂದು ಹಿಂದಿನ ಬೆಂಚಿನಿಂದ ಎದ್ದು ನಿಂತಳು. ಮುಂದಿನ ಬೆಂಚಿನಿಂದ ಸಾಹೇಬರೂ ಎದ್ದಿದ್ದರು.

"ಅದು ನಮ್ಮನೆ ಅಕ್ಕಿ ಅಲ್ವೇನ್ರೀ?"

"ಅಕ್ಕಿ ನಿಮ್ಮದೇ ಸರ್, ಹಿಡಿ ಅವಳದು. ತೆಗೆದಿಟ್ಟ ಕೈಯೇ ಕೊಟ್ಟ ಕೈ ಅಂತ ಹೆಂಗಸರ ಕೂಟದಲ್ಲಿ ನೀವೇ ಹೇಳಿದ್ರಲ್ಲ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಪಟ್ಟಿಯಲ್ಲಿ ತಮ್ಮಲ್ಲಿ ಯಾರ ಹೆಸರೂ ಇರಲಾರದೆಂದು ಆಗ ಹೊಳೆಯಿತು.

"ಸಾಕು, ಮುಚ್ಚಿ" ಎಂದರು ಸಾಹೇಬರು. ಅಜ್ಜಿಯ ಹೆಸರಿನವರೆಗೆ ಪಟ್ಟಿ ಹೋಗಲೇ ಇಲ್ಲ.

ಆರಾಧನೆ ಮುಗಿದ ಮೇಲೆ ಸಾಹೇಬರು ಸುಗುಣಾಳ ಹತ್ತಿರ ಬಂದರು. ಕಾಲಲ್ಲೇ ಇದ್ದ ಚಪ್ಪಲಿಯನ್ನು ಸ್ವಲ್ಪ ಹೊತ್ತು ಹುಡುಕಿದರು. ಅವಳು ನೆಲ ನೋಡುತ್ತಾ ನಿಂತಿದ್ದಳು.

"ನಾಳೆ ಅಕ್ಕಿ ತೊಳೆಯೋ ಮುಂಚೆ ನನ್ನನ್ನೂ ಒಂದು ಸಲ ಕರೀ ಮಾರಾಯ್ತಿ."